ಪದರ ಹರಳಿನೊಳಗಿನ ಕಾಂತೀಯ ಕಲ್ಮಶ ಎನ್‌ಎಂಆರ್‌ಗೆ ಹೇಗೆ ಸಿಕ್ಕಿಬೀಳುತ್ತದೆ?

ನೂರು ಪರಮಾಣುಗಳಲ್ಲಿ ಒಂದೆರಡು ಮಾತ್ರ ಬೇರೆಯಾಗಿದ್ದರೂ ಎನ್‌ಎಂಆರ್ (ನ್ಯೂಕ್ಲಿಯರ್ ಕಾಂತೀಯ ಅನುರಣನ) ಅದನ್ನು ಹೇಗೆ ಗುರುತಿಸುತ್ತದೆ ಎಂಬುದು ಪ್ರಶ್ನೆ. ಕಾಂತಕ್ಷೇತ್ರದಲ್ಲಿಟ್ಟ ನ್ಯೂಕ್ಲಿಯಸ್‌ಗಳು ಯಾವ ರೇಡಿಯೊ ಆವರ್ತನಕ್ಕೆ ಸ್ಪಂದಿಸುತ್ತವೆ ಎಂದು ಅದು ಅಳೆಯುತ್ತದೆ; ಆ ಸ್ಪಂದನ ಒಂದು ರೇಖೆಯಾಗಿ ಕಾಣುತ್ತದೆ. ಸಾಮಾನ್ಯವಾಗಿ ಕಲ್ಮಶವನ್ನು ನೇರವಾಗಿ ನೋಡುವುದಿಲ್ಲ. ಅದರ ಗುಟ್ಟನ್ನು ನೆರೆಹೊರೆಯ ನ್ಯೂಕ್ಲಿಯಸ್‌ಗಳು ಬಿಟ್ಟುಕೊಡುತ್ತವೆ.

ಕಲ್ಮಶದ ಎಲೆಕ್ಟ್ರಾನ್ ಸ್ಪಿನ್ (ಕಣವನ್ನು ಪುಟ್ಟ ಕಾಂತದಂತೆ ವರ್ತಿಸುವಂತೆ ಮಾಡುವ ಸಹಜ ಗುಣ) ಸುತ್ತಲೂ ಪುಟ್ಟದೊಂದು ಹೆಚ್ಚುವರಿ ಕಾಂತಕ್ಷೇತ್ರವನ್ನು ಹರಡುತ್ತದೆ. ಹತ್ತಿರದ ನ್ಯೂಕ್ಲಿಯಸ್‌ಗಳ ಆವರ್ತನ ಸರಿದು ಮುಖ್ಯ ರೇಖೆಯ ಪಕ್ಕದಲ್ಲಿ ಉಪರೇಖೆ ಮೂಡುತ್ತದೆ. ದೂರದವುಗಳಿಂದ ಮುಖ್ಯ ರೇಖೆ ಅಗಲವಾಗುತ್ತದೆ, ಅಷ್ಟೆ. ತೀರಾ ಪ್ರಬಲ ಕಲ್ಮಶವಾದರೆ ಪಕ್ಕದ ನ್ಯೂಕ್ಲಿಯಸ್‌ಗಳ ಸಂಕೇತವೇ ಅಳಿಸಿಹೋಗಬಹುದು. ಆ ನಷ್ಟವೂ ಒಂದು ಸುಳಿವೇ.

ನನಗೆ ಬಹಳ ಇಷ್ಟವಾದ ಉದಾಹರಣೆ ಯಿಟ್ರಿಯಂ–ಬೇರಿಯಂ–ತಾಮ್ರದ ಆಕ್ಸೈಡ್ ಎಂಬ ಅತಿವಾಹಕ (ಸಾಕಷ್ಟು ತಂಪಾಗಿಸಿದಾಗ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ವಸ್ತು). ಅದರಲ್ಲಿ ಪ್ರತಿ ಯಿಟ್ರಿಯಂ ಎರಡು ತಾಮ್ರ–ಆಕ್ಸಿಜನ್ ಪದರಗಳ ನಡುವೆ ಕುಳಿತಿರುತ್ತದೆ: ಮೇಲೆ 4 ತಾಮ್ರ, ಕೆಳಗೆ 4. ಯಿಟ್ರಿಯಂ-89ರ ಸ್ಪಿನ್ 1/2 ಆದ್ದರಿಂದ ರೇಖೆ ಕಿರಿದು, ಓದಲು ಸುಲಭ. ಈಗ ಒಂದು ತಾಮ್ರದ ಜಾಗದಲ್ಲಿ ಸತುವನ್ನು ಕೂರಿಸಿ. ಸತುವಿನ ಅಯಾನಿಗೆ ಸ್ವಂತ ಕಾಂತತ್ವವಿಲ್ಲ, ಹಾಗಾಗಿ ಏನೂ ಆಗಬಾರದು ಎನಿಸುತ್ತದೆ. ಆದರೆ ಆಕ್ಸಿಜನ್ ಕಡಿಮೆಯಿರುವ ಮಾದರಿಗಳಲ್ಲಿ 1990ರ ದಶಕದಲ್ಲಿ ಉಪರೇಖೆಗಳು ಸ್ಪಷ್ಟವಾಗಿ ಕಂಡವು. ತಾಪ ಇಳಿದಂತೆ ಅವು ಇನ್ನಷ್ಟು ಸರಿದವು. ಬಿಡಿ ಕಾಂತೀಯ ಸ್ಪಿನ್‌ಗಳ ವರ್ತನೆ ಹೀಗೆಯೇ ಇರುತ್ತದೆ. ಅಂದರೆ ಕಾಂತತ್ವ ಹುಟ್ಟಿದ್ದು ಸತುವಿನಲ್ಲಲ್ಲ, ಅದರ ಸುತ್ತಲಿನ ತಾಮ್ರಗಳಲ್ಲಿ. ಇಡೀ ಮಾದರಿಯ ಕಾಂತತ್ವವನ್ನು ಒಟ್ಟಾಗಿ ಅಳೆಯುವ ಉಪಕರಣ ಕಾಂತತ್ವ ಇದೆ ಎಂದಷ್ಟೇ ಹೇಳುತ್ತದೆ. ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾರದು.