ಜರ್ಮನಿಗೆ ಹೊರಟ ಟಿಳಕವಾಡಿಯ ಮಿಡ್‌ಫೀಲ್ಡರ್‌ಗೆ

ತಮ್ಮಾ,

ನಿನ್ನ ಪತ್ರ ಎರಡು ಸಲ ಓದಿದೆ. ಬೆಳಗಾವಿಯ ಟಿಳಕವಾಡಿಯ ಹುಡುಗ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿದಿದೆ, ಕಾಲೇಜು ಟೀಮಿನಲ್ಲಿ ನಾಲ್ಕು ವರ್ಷ ಮಿಡ್‌ಫೀಲ್ಡ್ ಆಡಿದ್ದೀಯ, ಆಖನ್‌ನಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ, ಸೆಪ್ಟೆಂಬರ್‌ನಲ್ಲಿ ಹೊರಡುತ್ತೀಯ. ನೀನು ಕೇಳಿದ್ದು ಎರಡೇ ಮಾತು. ‘ಅಲ್ಲಿ ಬದುಕು ಹೇಗಿರುತ್ತೆ ಅಣ್ಣಾ? ಶಾಬಿ ಅಲೊನ್ಸೊ ತರ ಆಟ ಬಿಟ್ಟು ಕೋಚ್ ಆಗುವ ದಾರಿ ನನಗೂ ಅಲ್ಲಿ ಸಿಗುತ್ತಾ?’

ನಾನು ಉದ್ಯಮಬಾಗದ ಮಷಿನ್ ಶಾಪ್‌ನಿಂದ ಇಲ್ಲಿಗೆ ಬಂದು 14 ವರ್ಷ ಆಯಿತು. ಲೆವರ್‌ಕೂಸನ್ ಪಕ್ಕದ ಸಣ್ಣ ಊರಿನಲ್ಲಿ ಮನೆ. ಹಗಲು ಕಾರ್ಖಾನೆ ಕೆಲಸ, ವಾರಕ್ಕೆ ಎರಡು ಸಂಜೆ ಊರಿನ ಕ್ಲಬ್ಬಿನಲ್ಲಿ ಒಂಬತ್ತು-ಹತ್ತು ವರ್ಷದ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಅದು ನನ್ನ ಹೊಟ್ಟೆಪಾಡಲ್ಲ. ಆದರೆ ಈ ದೇಶದಲ್ಲಿ ನನಗೆ ನಾಲ್ಕು ಜನ ಆಪ್ತರು ಸಿಕ್ಕಿದ್ದು ಅದರಿಂದಲೇ.

ಸ್ಪೇನಿನ ಮಿಡ್‌ಫೀಲ್ಡರ್ ಆಗಿದ್ದು, ಆಮೇಲೆ ನಮ್ಮ ಲೆವರ್‌ಕೂಸನ್ ತಂಡಕ್ಕೆ ಕೋಚ್ ಆಗಿ ಬಂದ ಅಲೊನ್ಸೊ ಮಾತಿನಿಂದಲೇ ಶುರು ಮಾಡುತ್ತೇನೆ. ನಿನ್ನ ಮನಸ್ಸು ಇರುವುದು ಅಲ್ಲೇ, ಅಲ್ವಾ?

2024ರ ಏಪ್ರಿಲ್ 14, ಭಾನುವಾರ. ಲೆವರ್‌ಕೂಸನ್ ತಂಡ ವೆರ್ಡರ್ ಬ್ರೆಮನ್ ವಿರುದ್ಧ 5-0 ಗೆದ್ದು, ಐದು ಪಂದ್ಯ ಬಾಕಿ ಇರುವಾಗಲೇ ಜರ್ಮನಿಯ ಅತಿ ದೊಡ್ಡ ಫುಟ್‌ಬಾಲ್ ಲೀಗ್ ಆದ ಬುಂಡೆಸ್‌ಲೀಗಾವನ್ನು ತನ್ನದಾಗಿಸಿಕೊಂಡಿತು. 1904ರಲ್ಲಿ ಹುಟ್ಟಿದ ಕ್ಲಬ್, ಲೀಗ್ ಗೆದ್ದಿದ್ದು ಅದೇ ಮೊದಲು. ಅದಕ್ಕೂ ಹಿಂದೆ ಸತತ 11 ಸಲ ಬಯರ್ನ್ ಮ್ಯೂನಿಕ್ ಒಂದೇ ಗೆದ್ದಿತ್ತು. 2002ರಲ್ಲಂತೂ ಲೆವರ್‌ಕೂಸನ್ ಲೀಗ್, ಜರ್ಮನ್ ಕಪ್, ಯೂರೋಪಿನ ದೊಡ್ಡ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಮೂರರಲ್ಲೂ ಕೊನೆ ಗಳಿಗೆಯಲ್ಲಿ ಎರಡನೇ ಸ್ಥಾನಕ್ಕೆ ನಿಂತಿತ್ತು. ಆ ಭಾನುವಾರ ಸಂಜೆ ನಮ್ಮ ಕ್ಲಬ್ಬಿನ ಹಿರಿಯರೊಬ್ಬರು, ಎಪ್ಪತ್ತು ದಾಟಿದವರು, ಸ್ಟೇಡಿಯಂ ಹೊರಗೆ ರಸ್ತೆಯಂಚಿನ ಕಲ್ಲಿನ ಮೇಲೆ ಕೂತು ಅಳುತ್ತಿದ್ದರು. ಕೈಯಲ್ಲಿ ಅವರ ಅಪ್ಪನ ಕಾಲದ ಕೆಂಪು-ಕಪ್ಪು ಮಫ್ಲರ್. ನಾನೂ ಪಕ್ಕದಲ್ಲಿ ಸುಮ್ನೆ ಕೂತೆ.

ಜನ ನೋಡುವುದು ಆ ಒಂದು ಸಂಜೆ. ನೀನು ಅದರ ಹಿಂದಿನ ವರ್ಷಗಳನ್ನು ಎಣಿಸು.

ಅಲೊನ್ಸೊ ಆಟ ನಿಲ್ಲಿಸಿದ್ದು 2017ರಲ್ಲಿ. ಆಗ ಅವನು 2010ರ ವಿಶ್ವಕಪ್, 2008 ಮತ್ತು 2012ರ ಯೂರೋ ಕಪ್, ಎರಡು ಚಾಂಪಿಯನ್ಸ್ ಲೀಗ್ ಗೆದ್ದಿದ್ದ. 2005ರ ಇಸ್ತಾಂಬುಲ್ ಫೈನಲ್‌ನಲ್ಲಿ 0-3 ಹಿಂದೆ ಬಿದ್ದಿದ್ದ ಲಿವರ್‌ಪೂಲ್‌ಗೆ ಸಮಬಲದ ಗೋಲು ತಂದವನೂ ಅವನೇ. ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದ, ವಾಪಸ್ ಬಂದ ಚೆಂಡನ್ನು ಓಡಿಹೋಗಿ ಒಳಗೆ ಹೊಡೆದ. ಬೆನಿಟೆಜ್, ಮೊರಿನ್ಯೊ, ಆಂಚೆಲೊಟ್ಟಿ, ಗ್ವಾರ್ಡಿಯೊಲಾ, ಇಷ್ಟು ಜನ ಹೆಸರಾಂತ ಕೋಚ್‌ಗಳ ಕೈಕೆಳಗೆ ಆಡಿದವನು. ಕೇಳಿದ್ದರೆ ಯಾರಾದರೂ ದೊಡ್ಡ ತಂಡವನ್ನೇ ಕೊಡುತ್ತಿದ್ದರು. ಅವನು ಹೋಗಿದ್ದು ರಿಯಲ್ ಮ್ಯಾಡ್ರಿಡ್ ಅಕಾಡೆಮಿಯ 14 ವರ್ಷದೊಳಗಿನ ಹುಡುಗರ ಹತ್ತಿರ. ಆಮೇಲೆ 2019ರಲ್ಲಿ ತನ್ನ ಸೀಮೆಯ ರಿಯಲ್ ಸೊಸಿಯೆದಾದ್ ಕ್ಲಬ್ಬಿನ ಬಿ ತಂಡ, ಅಂದರೆ ಮುಖ್ಯ ತಂಡದ ಕೆಳಗಿನ ಎರಡನೇ ತಂಡ. ಅಲ್ಲಿ ಮೂರು ವರ್ಷ. 2021ರಲ್ಲಿ ತಂಡವನ್ನು ಸ್ಪೇನಿನ ಎರಡನೇ ದರ್ಜೆಗೆ ಏರಿಸಿದ. ಮರುವರ್ಷವೇ ಅದು ಕೆಳಗೆ ಇಳಿಯಿತು. ಈ ಇಳಿದ ವರ್ಷದ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಮಾತ್ರ ಅವನ ಬದುಕಿನಲ್ಲಿ ಅದೇ ದೊಡ್ಡದಾಗಿ ಕಾಣುತ್ತೆ.

2022ರ ಅಕ್ಟೋಬರ್‌ನಲ್ಲಿ ಲೆವರ್‌ಕೂಸನ್‌ಗೆ ಬಂದಾಗ ತಂಡ ಎಂಟು ಪಂದ್ಯಗಳಲ್ಲಿ ಒಂದೇ ಒಂದು ಗೆದ್ದಿತ್ತು, 18 ತಂಡಗಳಲ್ಲಿ 17ನೇ ಸ್ಥಾನ. ಆ ಸೀಸನ್ ಆರನೇ ಸ್ಥಾನದಲ್ಲಿ ಮುಗಿಸಿದ. ಮುಂದಿನ ಸೀಸನ್ನಿನ 34 ಲೀಗ್ ಪಂದ್ಯಗಳಲ್ಲಿ 28 ಗೆಲುವು, 6 ಡ್ರಾ. ಎಲ್ಲ ಟೂರ್ನಿ ಸೇರಿ 51 ಪಂದ್ಯ ಸೋಲಲಿಲ್ಲ. ಕೊನೆಗೆ ಡಬ್ಲಿನ್‌ನಲ್ಲಿ ಯೂರೋಪಾ ಲೀಗ್ ಫೈನಲ್‌ನಲ್ಲಿ ಇಟಲಿಯ ಅಟಲಾಂಟಾ ತಂಡ ಅವರನ್ನು 3-0 ಸೋಲಿಸಿತು.

ನಮ್ಮ ದೇಶದ ಖಾಲಿದ್ ಜಮೀಲ್‌ನನ್ನೂ ನೋಡು. ಅವನೂ ಮಿಡ್‌ಫೀಲ್ಡರ್. ಪೆಟ್ಟುಗಳಿಂದ ಆಟ ಬಿಡಬೇಕಾಯಿತು. ಸಣ್ಣ ಬಜೆಟ್ಟಿನ ಐಜ್ವಾಲ್ ತಂಡವನ್ನು 2017ರಲ್ಲಿ ಐ-ಲೀಗ್ ಎಂಬ ರಾಷ್ಟ್ರೀಯ ಲೀಗಿನ ಚಾಂಪಿಯನ್ ಮಾಡಿದ. ಭಾರತ ತಂಡದ ಮುಖ್ಯ ಕೋಚ್ ಆಗಿದ್ದು 2025ರ ಆಗಸ್ಟ್‌ನಲ್ಲಿ. ನಡುವೆ ಎಂಟು ವರ್ಷ.

ಈಗ ನಿನ್ನ ವಿಷಯ. ಇಲ್ಲಿ ಮಕ್ಕಳ ಕೋಚ್‌ಗೆ ಒಂದು ಸಣ್ಣ ಸರ್ಟಿಫಿಕೇಟ್ ಇದೆ, ಅದರ ಮೇಲೆ ಸಿ ಲೈಸೆನ್ಸ್, ಬಿ, ಎ, ತುದಿಯಲ್ಲಿ ಪ್ರೊ. ಬುಂಡೆಸ್‌ಲೀಗಾದಲ್ಲಿ ಮುಖ್ಯ ಕೋಚ್ ಆಗಬೇಕೆಂದರೆ ಪ್ರೊ ಬೇಕೇ ಬೇಕು. ಒಂದೊಂದು ಮೆಟ್ಟಿಲಿನ ನಡುವೆ ಯಾವುದಾದರೂ ತಂಡದ ಜೊತೆ ಕೆಲಸ ಮಾಡಿರಬೇಕು. ಪಾಠ, ಪರೀಕ್ಷೆ ಎಲ್ಲ ಜರ್ಮನ್ ಭಾಷೆಯಲ್ಲಿ. ಕೋಚ್ ಕೆಲಸದ ಮೇಲೆಯೇ ವೀಸಾ ತೆಗೆಯುವ ದಾರಿಯೂ ಕಾನೂನಿನಲ್ಲಿದೆ. ಆದರೆ ಅದಕ್ಕೆ ಸರ್ಕಾರ ಗೊತ್ತು ಮಾಡಿದಷ್ಟು ಸಂಬಳ ಕ್ಲಬ್ ಕೊಡಬೇಕು, ನಿನ್ನ ಅರ್ಹತೆಯನ್ನು ಫುಟ್‌ಬಾಲ್ ಸಂಸ್ಥೆ ಒಪ್ಪಬೇಕು. ಊರಿನ ಕ್ಲಬ್ಬುಗಳಲ್ಲಿ ಅಷ್ಟು ಹಣ ಇರುವುದಿಲ್ಲ ತಮ್ಮಾ. ಇಲ್ಲಿ ಸುಮಾರು 24 ಸಾವಿರ ಕ್ಲಬ್ ಇವೆ, ಹೆಚ್ಚಿನವು ಸಂಬಳವಿಲ್ಲದೆ ದುಡಿಯುವವರ ಮೇಲೆಯೇ ನಡೆಯುತ್ತವೆ. ನಮಗೆ ಕೊಡುವುದು ಪೆಟ್ರೋಲ್ ಖರ್ಚಿನಷ್ಟು.

ಆದ್ದರಿಂದ ನಿನ್ನ ಮಾಸ್ಟರ್ಸ್ ಬಿಡಬೇಡ. ಅನ್ನ ಇಂಜಿನಿಯರಿಂಗ್ ಕೊಡಲಿ. ಅದರ ಪಕ್ಕದಲ್ಲಿ ಮೈದಾನಕ್ಕೆ ಹೋಗು. ಇದು ನಿನ್ನ ಆಸೆಗೆ ತಣ್ಣೀರು ಎರಚುವ ಮಾತಲ್ಲ. ಇಲ್ಲಿನ ಒಳ್ಳೊಳ್ಳೆ ಕೋಚ್‌ಗಳು ಹಗಲು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಗ್ಯಾರೇಜಿನಲ್ಲಿ ಇರುವವರೇ.

ಭಾಷೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಬಂದ ಮೊದಲ ವರ್ಷ ಒಂದು ಕ್ಲಬ್ಬಿಗೆ ಮೂರು ಸಲ ಬರೆದೆ, ಉತ್ತರವೇ ಬರಲಿಲ್ಲ. ಇನ್ನೊಂದರಲ್ಲಿ, ನಿಮ್ಮದು ಕ್ರಿಕೆಟ್ ದೇಶ ಅಲ್ವಾ ಅಂದರು. ಮನಸ್ಸಿಗೆ ನೋವಾಯಿತು. ಮೂರನೇ ಕಡೆ ಬರೆಯಲಿಲ್ಲ, ಬೂಟು ಹಿಡಿದುಕೊಂಡು ನೇರ ಮೈದಾನಕ್ಕೆ ಹೋದೆ. ಮೂವತ್ತು ದಾಟಿದವರ ತಂಡ, ಒಬ್ಬ ಕಡಿಮೆ ಇದ್ದ, ನಿಲ್ಲಿಸಿಕೊಂಡರು. ನನಗೆ ಪಾಸ್ ಬಂತು. ಹಿಂದಿನಿಂದ ಯಾರೋ ‘ಹಿಂಟರ್‌ಮನ್!’ ಅಂತ ಕೂಗಿದರು. ನಾನು ಅದು ಯಾರದೋ ಹೆಸರು ಅಂದುಕೊಂಡೆ. ಮರುಕ್ಷಣ ಒಬ್ಬ ಬಂದು ಗುದ್ದಿದ, ಚೆಂಡು ಹೋಯಿತು, ನಾನು ನೆಲಕ್ಕೆ. ನಿನ್ನ ಹಿಂದೆ ಆಳು ಇದ್ದಾನೆ ಅನ್ನುವುದಕ್ಕೆ ಇವರು ಕೂಗುವ ಮಾತು ಅದು. ನಮ್ಮ ಲೇಲೆ ಮೈದಾನದಲ್ಲಿ ಕನ್ನಡ, ಮರಾಠಿ, ಹಿಂದಿ, ಕ್ಯಾಂಪಿನ ಹುಡುಗರ ಕೊಂಕಣಿ, ನಾಲ್ಕರಲ್ಲಿ ಯಾವುದರಲ್ಲಿ ಕೂಗಿದರೂ ತಿಳಿಯುತ್ತಿತ್ತು. ಇಲ್ಲಿ ಒಂದು ಪದ ಗೊತ್ತಿರಲಿಲ್ಲ, ಮೊಣಕಾಲು ತರಚಿಹೋಯಿತು.

ಅದು ಇಲ್ಲಿನವರು ಬೂದಿ ಮೈದಾನ ಅನ್ನುವಂಥದ್ದು. ಈ ಭಾಗದಲ್ಲಿ ಹಿಂದೆ ಹೆಚ್ಚಿನ ಊರುಗಳಲ್ಲಿ ಅಂಥದ್ದೇ ಇತ್ತು. ಹುಲ್ಲಿಲ್ಲ, ಕೆಂಪು ಪುಡಿ ಹಾಕಿ ರೋಲರ್ ಹಾಯಿಸಿದ ಗಟ್ಟಿ ನೆಲ. ಬಿದ್ದಾಗ ಕೈಗೆ ಹತ್ತಿದ ಆ ಕೆಂಪು ಪುಡಿ ನೋಡಿದೆ. ನಮ್ಮೂರಿನ ಕೆಂಪು ಮಣ್ಣಿನ ಬಣ್ಣವೇ. ಜುಲೈ ಮಳೆಯಲ್ಲಿ ಆಡಿ ಮನೆಗೆ ಹೋದರೆ ಅವ್ವ ಬಾಗಿಲಲ್ಲೇ ನಿಲ್ಲಿಸಿ ಕಾಲ ಮೇಲೆ ನೀರು ಹಾಕುತ್ತಿದ್ದಳು, ಆ ನೀರಿನ ಬಣ್ಣ. ಅವತ್ತು ರಾತ್ರಿ ರೂಮಿಗೆ ಬಂದು ಸಾಕ್ಸ್ ತೊಳೆಯುವಾಗ ತುಂಬಾ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಮುಂದಿನ ವಾರ ಮತ್ತೆ ಹೋದೆ.

ಇನ್ನೊಂದು ಪದ ಈಗಲೇ ಕಲಿತುಕೋ: ಶುಲ್ಟರ್‌ಬ್ಲಿಕ್. ಭುಜದ ಮೇಲಿಂದ ಹಿಂದೆ ನೋಡುವುದು. ಚೆಂಡು ಕಾಲಿಗೆ ಬರುವ ಮುಂಚೆಯೇ ಮಿಡ್‌ಫೀಲ್ಡರ್ ಎರಡೂ ಕಡೆ ತಿರುಗಿ ನೋಡಿರಬೇಕು. ಅಲೊನ್ಸೊ ಹಳೇ ಪಂದ್ಯ ಹಾಕಿ ಚೆಂಡನ್ನು ಬಿಟ್ಟು ಅವನ ಕತ್ತನ್ನು ಮಾತ್ರ ನೋಡು, ತಿಳಿಯುತ್ತೆ. ನಮ್ಮ ಮಕ್ಕಳಿಗೆ ನಾನು ಕಲಿಸುವುದು ಹೀಗೆ. ಒಬ್ಬ ಪಾಸ್ ಕೊಡುತ್ತಾನೆ, ಪಡೆಯುವವನ ಬೆನ್ನ ಹಿಂದೆ ನಾನು ಬೆರಳು ಎತ್ತಿ ನಿಲ್ಲುತ್ತೇನೆ. ಚೆಂಡು ಮುಟ್ಟುವ ಮೊದಲು ಎಷ್ಟು ಬೆರಳು ಅಂತ ಅವನು ಹೇಳಬೇಕು. ಒಬ್ಬಳು ಹುಡುಗಿ ಇದ್ದಾಳೆ, ಮೊದಲು ಚೆಂಡು ಕಂಡರೆ ತಲೆ ತಗ್ಗಿಸಿ ಓಡುತ್ತಿದ್ದಳು. ನಾಲ್ಕು ತಿಂಗಳು ಹಿಡಿಯಿತು. ಒಂದು ಸಂಜೆ ‘ಮೂರು!’ ಅಂತ ಕೂಗಿ, ಅದೇ ಉಸಿರಿನಲ್ಲಿ ತಿರುಗಿ ಪಾಸ್ ಕೊಟ್ಟಳು. ಆ ಸಂತೋಷ ನಿನಗೆ ಬರೆದು ತಿಳಿಸಲು ಆಗುವುದಿಲ್ಲ.

ಡ್ರೈವಿಂಗ್ ಕಲಿಯುವಾಗಲೂ ಶುಲ್ಟರ್‌ಬ್ಲಿಕ್ ಅನ್ನುವ ಇದೇ ಪದ ಬರುತ್ತೆ. ನಮ್ಮ ಲೈಸೆನ್ಸ್ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತೆ, ಆಮೇಲೆ ಪರೀಕ್ಷೆ ಕೊಡಬೇಕು.

ಬದುಕಿನ ವಿಷಯ ಕೇಳಿದೆಯಲ್ಲ. ಚಳಿಗೆ ಹೆದರಬೇಡ, ಜಾಕೆಟ್ ಸಿಗುತ್ತೆ. ಕಷ್ಟ ಆಗುವುದು ಕತ್ತಲೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಭಾನುವಾರ ಅಂಗಡಿ ಬಂದ್, ಬೀದಿಯಲ್ಲಿ ಜನ ಇಲ್ಲ. ಮೊದಲ ಚಳಿಗಾಲದಲ್ಲಿ ಅವ್ವನ ಜೊತೆ ಫೋನಿನಲ್ಲಿ ಮಾತಾಡಿ ಇಟ್ಟ ಮೇಲೆ ಇನ್ನೂ ಜಾಸ್ತಿ ಒಂಟಿ ಅನ್ನಿಸುತ್ತಿತ್ತು. ಆಗ ಕ್ಲಬ್ಬಿನ ಒಂದು ಸಂಜೆ ಊಟದಷ್ಟೇ ಮುಖ್ಯ. ಇಲ್ಲಿನ ಜನ ಬೇಗ ಹತ್ತಿರ ಆಗುವುದಿಲ್ಲ. ಆದರೆ ಪ್ರತಿ ಮಂಗಳವಾರ ತಪ್ಪದೆ ಬಂದು ಕೋನ್ ಇಡುವವನನ್ನು ಬಿಟ್ಟುಕೊಡುವುದೂ ಇಲ್ಲ. ಕಳೆದ ಬೇಸಿಗೆಯ ಕ್ಲಬ್ ಹಬ್ಬಕ್ಕೆ ಮನೆಯವಳು ಹಾಲು ಕಾಯಿಸಿ ಕಾಯಿಸಿ ಕುಂದಾ ಮಾಡಿದಳು. ಅರ್ಧ ಗಂಟೆಯಲ್ಲಿ ಪಾತ್ರೆ ಖಾಲಿ.

ಹಣದ ಮಾತು ಚಿಕ್ಕದಾಗಿ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ಮೊದಲೇ ಹಣ ಇಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ತೋರಿಸಬೇಕು ಅಂತ 2024ರಲ್ಲಿ ಮಾಡಿದ್ದಾರೆ, ಹೊರಡುವ ಮೊದಲು ಈಗಿನ ಮೊತ್ತ ನೋಡಿಕೋ. ಓದುವಾಗ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು. ಮಕ್ಕಳ ಜೊತೆ ಇರುವುದರಿಂದ ಕ್ಲಬ್‌ನವರು ಪೊಲೀಸ್ ದಾಖಲೆ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡ, ಎಲ್ಲರಿಗೂ ಕೇಳುತ್ತಾರೆ.

ಹೊರಡುವ ತನಕ ಇರುವ ತಿಂಗಳುಗಳಲ್ಲಿ ಬೆಳಗಾವಿಯಲ್ಲೇ ಯಾವುದಾದರೂ ಶಾಲೆಯ ಚಿಕ್ಕ ಮಕ್ಕಳಿಗೆ ವಾರಕ್ಕೆ ಎರಡು ದಿನ ಹೇಳಿಕೊಡು. ನಿನಗೆ ಅದು ಹಿಡಿಸುತ್ತಾ ಇಲ್ವಾ ಅಲ್ಲೇ ಗೊತ್ತಾಗುತ್ತೆ. ಜರ್ಮನ್ ಭಾಷೆಯ ಬಿ1, ಅಂದರೆ ನಡುಮಟ್ಟದ ಪರೀಕ್ಷೆ, ಮುಗಿಸಿಯೇ ವಿಮಾನ ಹತ್ತು.

ಆಖನ್‌ನಿಂದ ನಮ್ಮಲ್ಲಿಗೆ ಕೊಲೋನ್ ಮೇಲೆ ರೈಲಿನಲ್ಲಿ ಒಂದೂವರೆ ಗಂಟೆ. ಮಂಗಳವಾರ ಐದೂವರೆಗೆ ಟ್ರೈನಿಂಗ್. ಬೂಟು ತಗೊಂಡು ಬಾ, ಬೆರಳು ಎತ್ತಿ ನಿಲ್ಲಲು ನನಗೊಬ್ಬ ಬೇಕು. ಬ್ಯಾಗಿನಲ್ಲಿ ಜಾಗ ಇದ್ದರೆ ಅರ್ಧ ಕಿಲೋ ಶೇಂಗಾ ಚಟ್ನಿ ಹಾಕಿಕೊಂಡು ಬಾ, ನಿಮ್ಮ ಅವ್ವನಿಗೆ ನಾನು ಕೇಳಿದೆ ಅಂತ ಹೇಳು.