ತಾತನ ಚಾಕುವಿನ ಚಿನ್ನದ ಹಿಡಿಗೆ ಹುಣಸೆಹಣ್ಣು ಹಾಕುವ ಮುಂಚೆ

ಅಣ್ಣಾ, ನಿಮ್ಮ ತಾತನ ಗಡಿಯಾರದ ಸರಪಳಿಯಲ್ಲಿದ್ದ ಪುಟ್ಟ ಮಡಚು ಚಾಕುವಿನ ಫೋಟೋ ನೋಡಿದೆ. ತುಂಬಾ ಚೆನ್ನಾಗಿದೆ. ಹಿಡಿ ಗಟ್ಟಿ ಚಿನ್ನವೇ, ಹುಣಸೆಹಣ್ಣಿನಲ್ಲಿ ತಿಕ್ಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ತಿಕ್ಕಬೇಡಿ. ಅದನ್ನು ಮಾಡುತ್ತಿದ್ದ ರೀತಿ ತಿಳಿದರೆ ಕಾರಣ ನಿಮಗೇ ಗೊತ್ತಾಗುತ್ತದೆ.

ಇಂಥ ಚಾಕುಗಳಲ್ಲಿ ಒಡಲು ಬೇರೆ, ಚಿನ್ನ ಬೇರೆ. ಅಲಗು, ಬೆನ್ನಿನ ಉಕ್ಕಿನ ಸ್ಪ್ರಿಂಗ್, ಎರಡೂ ಪಕ್ಕಕ್ಕೆ ಹಿತ್ತಾಳೆ ತಗಡು, ಇಷ್ಟನ್ನು ಚಾಕು ಮಾಡುವವರು ರಿವೆಟ್ ಹೊಡೆದು ಕೊಡುತ್ತಿದ್ದರು. ಈ ಬರೀ ಒಡಲಿಗೆ ಸ್ಕೆಲಿಟನ್ ಅಂತಲೇ ಹೆಸರು. ಒಡವೆ ಮಾಡುವವರು ಅದನ್ನು ಕೊಂಡು ಮೇಲೆ ಚಿನ್ನ ಹೊದಿಸುತ್ತಿದ್ದರು. ನಮ್ಮಲ್ಲಿ ರುದ್ರಾಕ್ಷಿಗೆ ಚಿನ್ನ ಕಟ್ಟಿಸುವುದಿಲ್ವಾ, ಹಾಗೆ.

ಹೊದಿಕೆಯಲ್ಲಿ ಎರಡು ಬಗೆ. ಒಂದು ಪೂರ್ತಿ ಚಿನ್ನದ ತೆಳು ತಗಡು. ಇನ್ನೊಂದು ರೋಲ್ಡ್ ಗೋಲ್ಡ್: ದಪ್ಪ ಹಿತ್ತಾಳೆ ಗಟ್ಟಿಯ ಮೇಲೆ ಚಿನ್ನ ಬೆಸೆದು, ಎರಡನ್ನೂ ಒಟ್ಟಿಗೆ ರೋಲರ್‌ಗೆ ಕೊಟ್ಟು ತೆಳುವಾಗಿ ಎಳೆಯುವುದು. ಎಳೆದಷ್ಟೂ ಲೋಹ ಬಿರುಸಾಗುತ್ತದೆ. ಅದಕ್ಕೆ ನಡುನಡುವೆ ಕಾಸಿ ಮೆತ್ತಗೆ ಮಾಡಬೇಕು. ಈ ಉಪಾಯದ ಬೇರು ಕೂಡ ಚಾಕುವಿನಲ್ಲೇ ಇದೆ. 1743ರ ಸುಮಾರಿಗೆ ಇಂಗ್ಲೆಂಡಿನ ಶೆಫೀಲ್ಡ್‌ನ ಥಾಮಸ್ ಬೋಲ್ಸೋವರ್ ಚಾಕುವಿನ ಹಿಡಿ ರಿಪೇರಿ ಮಾಡುವಾಗ ಬೆಳ್ಳಿ, ತಾಮ್ರ ಎರಡೂ ಬೆಸೆದುಕೊಂಡು ಒಂದೇ ತಗಡಿನಂತೆ ಎಳೆಯಲು ಬಂದವಂತೆ.

ಅಂಚು ಮಡಿಸಿದ ತಗಡನ್ನು ಹಿತ್ತಾಳೆಗೆ ಕಡಿಮೆ ಶಾಖದ ಬೆಸುಗೆಯಲ್ಲೋ ಸಣ್ಣ ಪಿನ್ನುಗಳಲ್ಲೋ ಕೂರಿಸುತ್ತಿದ್ದರು. ಜಾಸ್ತಿ ಕಾಸಿದರೆ ಸ್ಪ್ರಿಂಗಿನ ಹದ ಹೋಗುತ್ತದೆ, ನೋಡಿ.

ಇನ್ನು ನಿಮ್ಮ ಹಿಡಿಯ ಮೇಲಿನ ಜವೆಗೋಧಿ ಕಾಳಿನಂಥ ಗೆರೆಗಳು. ನನಗೆ ಅತಿ ಇಷ್ಟವಾದ ಕೆಲಸ ಇದೇ. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಉಳಿ ನಿಂತಲ್ಲೇ ಇರುತ್ತದೆ, ಹಿಡಿ ಸರಿಯುತ್ತದೆ. ಯಂತ್ರದೊಳಗಿನ ಅಲೆಅಲೆ ಪಟ್ಟಿಯೊಂದು ಹಿಡಿಯನ್ನು ಅತ್ತಿತ್ತ ತಳ್ಳುವುದರಿಂದ ಗೆರೆ ಬಳುಕುತ್ತದೆ. ಒಂದು ಗೆರೆ ಮುಗಿದರೆ ಕೂದಲೆಳೆಯಷ್ಟು ಜರುಗಿಸಿ ಮುಂದಿನದು. ನಡುವೆ ಹೆಸರಿನ ಅಕ್ಷರಕ್ಕೆ ಖಾಲಿ ಜಾಗ. ಅಗ್ಗದ ಮಾಲಿನಲ್ಲಿ ಇದೇ ಚಿತ್ತಾರವನ್ನು ಅಚ್ಚಿನಲ್ಲಿ ಒತ್ತುತ್ತಿದ್ದರು. ಭೂತಗನ್ನಡಿ ಹಿಡಿದು ನೋಡಿ. ಕೊರೆದ ಗೆರೆಯ ಅಂಚು ಚೂಪಾಗಿ ಮಿಂಚುತ್ತದೆ, ಒತ್ತಿದ್ದರ ಅಂಚು ದುಂಡಗಿರುತ್ತದೆ.

ಆ ಗೆರೆಯ ಆಳವೇ ಅಷ್ಟು ಕಡಿಮೆ. ನನ್ನ ಚಾಕುವನ್ನು ಇಲ್ಲೇ ಮೈಸೂರಿನಲ್ಲಿ ಒಬ್ಬರ ಹತ್ತಿರ ಪಾಲಿಶ್‌ಗೆ ಕೊಟ್ಟಿದ್ದೆ. ಬಫ್ ಚಕ್ರಕ್ಕೆ ಹಿಡಿದ ಕಡೆ ಗೆರೆಯೂ ಹೋಯಿತು, ಕೆಳಗಿನ ಹಿತ್ತಾಳೆಯೂ ಕಂಡಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಒರೆಗಲ್ಲಿಗೂ ಉಜ್ಜಿಸಬೇಡಿ. ಕ್ಯಾರೆಟ್ ನೋಡುವ ಮಷಿನ್ ಓದುವುದು ಮೇಲ್ಪದರವನ್ನು ಮಾತ್ರ. ತೂಕ ನೋಡಿಯೂ ಪ್ರಯೋಜನವಿಲ್ಲ, ಒಳಗೆ ಉಕ್ಕು, ಹಿತ್ತಾಳೆ ಇದೆಯಲ್ಲ.

ಮುದ್ರೆ ಹುಡುಕಿ. ಇಂಗ್ಲೆಂಡಿನದಾದರೆ 9 ಕ್ಯಾರೆಟ್‌ಗೆ 375, 18ಕ್ಕೆ ಕಿರೀಟದ ಗುರುತಿನ ಜೊತೆ 18 ಅಂತ ಇರಬಹುದು. 15 ಮತ್ತು 625 ಇದ್ದರೆ ಅದು 1854ರಿಂದ 1932ರೊಳಗಿನ ಮಾಲು.

ಸದ್ಯಕ್ಕೆ ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿ, ಕೀಲಿಗೆ ಒಂದು ತೊಟ್ಟು ಹೊಲಿಗೆ ಮಷಿನ್ ಎಣ್ಣೆ ಬಿಡಿ. ನೀರಿನಲ್ಲಿ ನೆನೆಸಬೇಡಿ. ಅಲಗಿನ ಬುಡದಲ್ಲಿ ಅಕ್ಷರ ಏನಾದರೂ ಇದ್ದರೆ ಹತ್ತಿರದಿಂದ ಫೋಟೋ ತೆಗೆದು ಹಾಕಿ, ನೋಡಿ ಹೇಳುತ್ತೇನೆ.