ಕುಡಿತ ಬಿಡಿಸಲು ಮನೆಯಲ್ಲಿ ಕಂಪನ ಯಂತ್ರ ಸಾಕೇ?

ಸೋಮವಾರಪೇಟೆ ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನಿಮ್ಮ ಅಣ್ಣ, ಹತ್ತಾರು ವರ್ಷಗಳ ಕುಡಿತ ಬಿಡಲು ಒಪ್ಪಿದ್ದಾರೆ. ಮೈಗೆ ಕಂಪನ ಕೊಡುವ ಯಂತ್ರದಿಂದ ಮೆದುಳಿನಲ್ಲಿ ಹಿತದ ಭಾವ ಮೂಡಿಸುವ ಡೋಪಮೈನ್ ಎಂಬ ರಾಸಾಯನಿಕ ಸರಿಹೋಗುತ್ತದಂತೆ, ಅದನ್ನು ತಂದು ಮನೆಯಲ್ಲೇ ಬಿಡಿಸಬಹುದೇ ಎಂದು ಕೇಳಿದ್ದೀರಿ. ಬೇಡ. ನಾನು ವಿರಾಜಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್; ಇಂಥವರ ಪಕ್ಕದಲ್ಲಿ ರಾತ್ರಿ ಪಾಳಿ ಮಾಡುವವಳು. ಮೊದಲ ಐದು ದಿನ ಯಂತ್ರವನ್ನು ನಂಬಿ ಅವರನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ಮೆದುಳನ್ನು ತಣ್ಣಗಾಗಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಮದ್ಯ ಹೆಚ್ಚಿಸುತ್ತದೆ. ವರ್ಷಗಟ್ಟಲೆ ಕುಡಿದಾಗ ಮೆದುಳು ಅದಕ್ಕೆದುರಾಗಿ ಕೆರಳಿಸುವ ಗ್ಲುಟಮೇಟಿನ ಬಲ ಏರಿಸಿಕೊಳ್ಳುತ್ತದೆ. ಮದ್ಯ ಒಮ್ಮೆಲೇ ನಿಂತರೆ ಅದು ಬ್ರೇಕ್ ಹೋಗಿ ಸಂಪಾಜೆ ಘಾಟಿ ಇಳಿಯುವ ಲಾರಿಯ ಸ್ಥಿತಿ. ಕೊನೆಯ ಬಾರಿ ಕುಡಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಸನ್ನಿ ಹಿಡಿಯಬಹುದು. ಎರಡೂ ಪ್ರಾಣಕ್ಕೆ ಕುತ್ತು. ಸನ್ನಿ ಹಿಡಿದ ತೋಟದ ಕೆಲಸಗಾರರೊಬ್ಬರು ಮಂಚದ ಮೇಲೆ ಕುಳಿತು, ಹೊದಿಕೆಯಿಂದ ಇಲ್ಲದ ಕಾಫಿ ಹಣ್ಣನ್ನು ಒಂದೊಂದಾಗಿ ಕೊಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದುದನ್ನು ನೋಡಿದ್ದೇನೆ. ಆ ಹೊತ್ತಿಗೆ ಬೇಕಾದದ್ದು ಮೆದುಳಿನ ಕೆರಳಿಕೆ ತಗ್ಗಿಸುವ ಲೊರಾಜೆಪಾಮ್‌ನಂಥ ಔಷಧ, ಥಯಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು, ಪಕ್ಕದಲ್ಲಿ ಎಚ್ಚರವಿರುವ ಒಬ್ಬರು.

ಹಾಗೆಂದು ನೀವು ಓದಿದ್ದು ಸುಳ್ಳಲ್ಲ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಇಲಿಗಳ ಕತ್ತಿನ ಮೂಳೆಗೆ ಕಂಪನ ಕೊಟ್ಟಾಗ ಡೋಪಮೈನನ್ನು ತಡೆಹಿಡಿಯುವ ಗಾಬಾ ನರಕೋಶಗಳು ಮೆತ್ತಗಾಗಿ, ಡೋಪಮೈನ್ ಹೆಚ್ಚು ಬಿಡುಗಡೆಯಾಯಿತು. ಕಿವಿಯ ಹಿಂದೆ ಅಂಟಿಸಿ ಸಣ್ಣ ವಿದ್ಯುತ್ ಹರಿಸುವ ಸಾಧನಕ್ಕೆ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆದರೆ ಅದು ಹೆರಾಯಿನ್‌ನಂಥ ಅಫೀಮು ಜಾತಿಯ ಮಾದಕಗಳನ್ನು ಬಿಟ್ಟಾಗಿನ ಸಂಕಟಕ್ಕೆ. ತಲೆಯ ಹೊರಗಿನಿಂದ ಕಾಂತದ ಬಲ ಹಾಯಿಸಿ ಮೆದುಳನ್ನು ಪ್ರಚೋದಿಸುವ ಕಾಂತೀಯ ಉದ್ದೀಪನಕ್ಕೆ 2020ರಲ್ಲಿ ಸಿಕ್ಕಿದ್ದು ಸಿಗರೇಟು ಬಿಡಿಸುವ ಅನುಮತಿ. ಇವುಗಳ ಹೆಸರು ಹೇಳಿ ಮದ್ಯಪಾನಿಯ ಮನೆಯವರಿಗೆ ಯಂತ್ರ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಪಾಯದ ದಿನಗಳು ಕಳೆದ ಮೇಲೆ ಮಾತು ಬೇರೆ. ನಿದ್ದೆ ಬಾರದೆ, ಯಾವುದರಲ್ಲೂ ರುಚಿಯಿಲ್ಲದೆ ವಾರಗಳು ಹೋಗುತ್ತವೆ. ಆಗ ಬೆಳಗಿನ ಬಿರುಸು ನಡಿಗೆ, ಕತ್ತು ಬೆನ್ನಿಗೆ ಎಣ್ಣೆ ತಿಕ್ಕಿ ಬಿಸಿನೀರಿನ ಸ್ನಾನ ಇವೆಲ್ಲ ಮೈಗೆ ಹಿತ. ವೈದ್ಯರು ಒಪ್ಪಿದರೆ ಕಂಪನವನ್ನೂ ಪ್ರಯತ್ನಿಸಿ, ಔಷಧದ ಜೊತೆಗೆ.

ಮಳೆಗಾಲ ಜೋರಾಗಿ ಮರ ಬಿದ್ದು ರಸ್ತೆ ಕಟ್ಟುವ ದಿನಗಳಲ್ಲಿ ಅವರಾಗಿಯೇ ಕುಡಿತ ನಿಲ್ಲಿಸಲು ಬಿಡಬೇಡಿ. ಮೊದಲು ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗದವರನ್ನು ಕಂಡು ದಿನ ಗೊತ್ತುಮಾಡಿಕೊಳ್ಳಿ. ದಿನಕ್ಕೆಷ್ಟು ಕುಡಿಯುತ್ತಾರೆ, ಕೊನೆಯದಾಗಿ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದೊಯ್ಯಿರಿ. ಸುಸ್ತೆಂದು ದಾರಿಯ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸುವುದಾದರೆ ಕುಡಿತದ ವಿಷಯ ಮುಚ್ಚಿಡಬೇಡಿ, ಥಯಮಿನ್ ಮೊದಲು ಕೊಡಬೇಕಾಗುತ್ತದೆ. ಹೊರಡುವ ಮೊದಲು ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು.